ಮಹಡಿಯ ಕಂಡಕ್ಟರ ದುರ್ಬೀನು

ನಮ್ಮ ಮಹಡಿಯ ಬಾಡಿಗೆಯವರು ನಿವೃತ್ತ ಬಸ್ ಕಂಡಕ್ಟರು. ಅವರು ಒಂದು ಕಡೆ ಕೂತದ್ದನ್ನು ನಾನು ಕಂಡಿಲ್ಲ. ಹೆಂಡತಿ ಹಾಸಿಗೆ ಹಿಡಿದ ಮೇಲಂತೂ ಈ ಚಡಪಡಿಕೆ ಇನ್ನೂ ಹೆಚ್ಚಿದೆ. ಹಿತ್ತಲಿನ ಹಕ್ಕಿ ನೋಡಲು ಅಗ್ಗದ ದುರ್ಬೀನು ಬೇಕೆಂದು ಬೆಳಿಗ್ಗೆ ಒಂದನ್ನು ಅಂಗಡಿಯಿಂದ ತರುತ್ತಾರೆ, ಸಂಜೆಗೆ ವಾಪಸು ಕೊಡುತ್ತಾರೆ. ಒಂದು ಭಾರ, ಒಂದರ ತಿರುಪು ಬಿಗಿ, ಇನ್ನೊಂದರಲ್ಲಿ ಗುಬ್ಬಿ ಕೋಳಿಯಷ್ಟು ದೊಡ್ಡದಾಗಿ ಕಂಡರೂ ಚಳಿಜ್ವರ ಬಂದಂತೆ ನಡುಗುತ್ತದೆ. ಹಕ್ಕಿ ಕೂತರೆ "ಹೋಲ್ಡಾನ್!" ಎನ್ನುತ್ತಾರೆ, ಹಾರಿದರೆ "ರೈಟ್!" ಎಂದು ಕೂಗುತ್ತಾರೆ. "ನಿನ್ನ ಕಂಡ್ರೆ ಅಂಗಡಿಯವನು ಬಾಗಿಲು ಎಳ್ಕೋತಾನೆ ಕಣಪ್ಪ," ಎಂದು ನಾನು ಹೇಳಿದರೆ, "ಎಳ್ಕೊಳ್ಳಲಿ ಬಿಡಕ್ಕ, ಸೀಬೆಮರದ ಗೂಡಲ್ಲಿರೋ ಮರಿಗಳು ಹಾರೋದರೊಳಗೆ ಸರಿಯಾದ್ದೊಂದು ಸಿಗಬೇಕು," ಎನ್ನುತ್ತಾರೆ. ನನಗೆ ಬಗೆಹರಿಯದಿದ್ದುದು ಅವರು ಪರೀಕ್ಷೆ ಮಾಡುವ ರೀತಿ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅಂಗಾತ ಮಲಗಿ, ಬಲಗೈಯನ್ನು ಬೆನ್ನಡಿಗೆ ಸೇರಿಸಿ, ಎಡಗೈ ಒಂದರಲ್ಲೇ ದುರ್ಬೀನು ಹಿಡಿದು, ಆ ಕೈಯ ಬೆರಳಿಂದಲೇ ತಿರುಪು ತಿರುಗಿಸುತ್ತಾರೆ. ನಿನ್ನೆ ತಡೆಯಲಾರದೆ ಕೇಳಿಯೇಬಿಟ್ಟೆ: "ಬಲಗೈಗೆ ಏನಾಯ್ತಪ್ಪ?" ಅವರು ಮಲಗಿದ್ದಲ್ಲಿಂದಲೇ ಮಹಡಿಯ ಕಿಟಕಿ ಕಡೆ ನೋಡಿದರು. "ನನಗೇನಾಗಿಲ್ಲಕ್ಕ. ಅವಳಿಗೆ ಈಗ ಆಡೋದು ಎಡಗೈ ಒಂದೇ ಅಲ್ವಾ? ಇದೂ ಅವಳಿಗೆ ಭಾರ," ಎಂದವರೇ ಎದ್ದು ಮತ್ತೆ ಅಂಗಡಿಗೆ ಹೊರಟರು.