ಸ್ಟುಡಿಯೋದವನು ಮಾಡಿಕೊಟ್ಟ ಅಮ್ಮ

ಹಳೆಯ ಕಪ್ಪು ಬಿಳುಪು ಫೋಟೋಗಳನ್ನು ಕಂಡರೆ ಈಗಿನವರಿಗೆ ಎಲ್ಲಿಲ್ಲದ ಅಕ್ಕರೆ. ಮೊಮ್ಮಕ್ಕಳು ಫೋನ್ ಹಿಡಿದು ಬಂದು ಒಂದೊಂದಾಗಿ ತೋರಿಸುತ್ತಾರೆ. ಕಾರಿಗೆ ಒರಗಿ ನಿಂತ ನಾಯಕ, ಗಲ್ಲಕ್ಕೆ ಬೆರಳಿಟ್ಟ ನಾಯಕಿ, ಮಾಗಡಿ ರಸ್ತೆಯಲ್ಲಿ ಸಾಲಾಗಿ ಹೋಗುವ ಎತ್ತಿನ ಗಾಡಿಗಳು, ಬಾವಿಕಟ್ಟೆಯ ಮೇಲೆ ಬಿಂದಿಗೆ ಹಿಡಿದ ಹೆಂಗಸರು. "ಎಷ್ಟ್ ಚೆನ್ನಾಗಿತ್ತು ಅಲ್ವಾ ಅಜ್ಜಿ ಆ ಕಾಲ" ಎನ್ನುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ಆ ಕಾಲದಲ್ಲಿ ಯಾರ ಫೋಟೋ ತೆಗೆಯುತ್ತಿದ್ದರು, ಯಾರದು ತೆಗೆಯುತ್ತಿರಲಿಲ್ಲ ಎಂದು ಕೇಳುವವರು ಒಬ್ಬರೂ ಇಲ್ಲ. ನನ್ನ ತಾಯಿಯದು ಒಂದೇ ಒಂದು ಫೋಟೋ ಇಲ್ಲ. ಅವಳ ಹೆಸರಿನಲ್ಲಿ ಹಾರ ಹಾಕಿಸಿಕೊಂಡ ಫೋಟೋ ಒಂದಿತ್ತು. ಅದು ಅವಳದಾಗಿರಲಿಲ್ಲ.

ನಮ್ಮದು ಮಾರೇನಹಳ್ಳಿ. ಐವತ್ತರ ದಶಕದಲ್ಲಿ ಅದು ನಿಜಕ್ಕೂ ಹಳ್ಳಿಯೇ. ಅಪ್ಪ ಸೊಪ್ಪು, ಬದನೆಕಾಯಿ ಬೆಳೆದು, ಗಾಡಿ ಕಟ್ಟಿಕೊಂಡು ಮಾರ್ಕೆಟ್ಟಿಗೆ ಹೋಗುತ್ತಿದ್ದ. ನನಗೆ ಬುದ್ಧಿ ಬಂದ ಮೇಲೆ ನಡೆದ ಮೊದಲ ದೊಡ್ಡ ಸಮಾರಂಭವೆಂದರೆ ಚಿಕ್ಕಪ್ಪನ ಮದುವೆ. ಪೇಟೆಯಿಂದ ಫೋಟೋದವನನ್ನು ಕರೆಸಿದ್ದರು. ಅವನು ಚಪ್ಪರದ ಮುಂದೆ ಬೆಂಚು ಹಾಕಿ, ಎಲ್ಲರನ್ನೂ ಕೂರಿಸಿ, ಕರಿಬಟ್ಟೆಯೊಳಗೆ ತಲೆ ತೂರಿಸಿದ. ಅಮ್ಮ ಕನಕಾಂಬರ ಮುಡಿದು ಬಂದು ನನ್ನ ಪಕ್ಕದಲ್ಲಿ ನಿಂತಳು. ಆಗ ಅವಳು ತುಂಬಿದ ಬಸುರಿ. ನಡುವೆ ಕುರ್ಚಿಯಲ್ಲಿ ಕೂತಿದ್ದ ಅಜ್ಜಿ, ಅಂದರೆ ಅಪ್ಪನ ತಾಯಿ, ತಲೆಯನ್ನೂ ತಿರುಗಿಸದೆ ಹೇಳಿದಳು.

"ಬಸುರಿ ಹೆಂಗ್ಸು ಫೋಟೋಕ್ ನಿಂತ್ರೆ ಆಯಸ್ಸು ಕಮ್ಮಿ ಆಯ್ತದೆ. ಒಳಕ್ ನಡಿಯೆ."

ಅಮ್ಮ ಒಳಗೆ ಹೋದಳು. ಯಾರೂ ಹೋಗಬೇಡ ಎನ್ನಲಿಲ್ಲ, ಅಪ್ಪನೂ ಅನ್ನಲಿಲ್ಲ. ಆ ಫೋಟೋ ಈಗಲೂ ಚಿಕ್ಕಪ್ಪನ ಮಕ್ಕಳ ಹತ್ತಿರ ಇದೆ. ಅದರಲ್ಲಿ ನನ್ನ ಪಕ್ಕ ಒಬ್ಬರು ನಿಲ್ಲುವಷ್ಟು ಜಾಗ ಖಾಲಿ. ಫೋಟೋ ತೆಗೆಸಿಕೊಂಡ ಅಜ್ಜಿ ಗುಂಡುಕಲ್ಲಿನ ಹಾಗೆ ತೊಂಬತ್ತು ದಾಟಿದಳು. ತೆಗೆಸಿಕೊಳ್ಳದ ಅಮ್ಮ ಮುಂದಿನ ತಿಂಗಳೇ ನನ್ನ ತಂಗಿಯನ್ನು ಹೆತ್ತು, ಹೆರಿಗೆಯ ಚಾಪೆಯಿಂದ ಮೇಲೆ ಏಳಲಿಲ್ಲ. ಆಯಸ್ಸಿನ ವಿಷಯ ಅಷ್ಟೆಲ್ಲ ಬಲ್ಲವಳು ಆಗ ಮಾತ್ರ ಬಾಯಿ ಬಿಡಲಿಲ್ಲ.

ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುವಾಗ ನಮ್ಮಲ್ಲಿ ಕಳಶದ ಮುಂದೆ ಹೊಸ ಸೀರೆ, ಪಂಚೆ ಇಟ್ಟರೆ ಸಾಕಿತ್ತು. ಸತ್ತವರ ಮುಖ ಬೇಕೆಂದು ಯಾರೂ ಕೇಳುತ್ತಿರಲಿಲ್ಲ. ಅಷ್ಟು ಹೊತ್ತಿಗೆ ರಾಜಾಜಿನಗರದ ಕಡೆ ಫ್ಯಾಕ್ಟರಿ ಕೆಲಸಕ್ಕೆ ಸೇರಿದವರ ಮನೆಗಳಲ್ಲಿ ಹೊಸದೊಂದು ಶೋಕಿ ಶುರುವಾಗಿತ್ತು. ಗೋಡೆಗೆ ತೀರಿಕೊಂಡವರ ಫೋಟೋ, ಫೋಟೋಕ್ಕೆ ಚೌಕಟ್ಟು, ಚೌಕಟ್ಟಿಗೆ ಹಾರ. ನಮ್ಮ ಎದುರುಮನೆಗೂ ಅದು ಬಂತು. ಅದನ್ನು ನೋಡಿ ಬಂದ ಅಪ್ಪ ತನ್ನ ಹೆಂಡತಿಗೂ ಒಂದು ಬೇಕೆಂದು ಹಟ ಹಿಡಿದ. ಬದುಕಿದ್ದವಳನ್ನು ಒಳಗೆ ಅಟ್ಟಿದಾಗ ಈ ಹಟ ಎಲ್ಲಿ ಹೋಗಿತ್ತೋ.

ಮಾರ್ಕೆಟ್ಟಿಗೆ ಗಾಡಿ ಹೋದ ದಿನ ನನ್ನನ್ನೂ ಕರೆದುಕೊಂಡು ಪೇಟೆಯ ಸ್ಟುಡಿಯೋಗೆ ಹೋದ. ಗಾಜಿನ ಬೀರುವಿನ ತುಂಬ ಸಿನಿಮಾದವರ ಫೋಟೋಗಳು. ಅಪ್ಪ ತನ್ನ ಕಷ್ಟ ಹೇಳಿಕೊಂಡಾಗ ಸ್ಟುಡಿಯೋದವನಿಗೆ ಒಂದಿಷ್ಟೂ ಆಶ್ಚರ್ಯವಾಗಲಿಲ್ಲ. ಇಂಥ ಗಿರಾಕಿಗಳು ಅವನಿಗೆ ಬೇಕಾದಷ್ಟಿದ್ದರು ಎಂದು ಕಾಣುತ್ತದೆ. ನಟಿಯರ ಫೋಟೋಗಳ ಒಂದು ಕಟ್ಟನ್ನು ತೆಗೆದು ಮೇಜಿನ ಮೇಲೆ ಹರಡಿದ.

"ಫೋಟೋ ಇಲ್ದಿದ್ರೆ ಏನಂತೆ ಯಜಮಾನ್ರೇ. ಇದ್ರಲ್ಲಿ ಯಾರ್ ಥರ ಇದ್ರು ಅಂತ ತೋರ್ಸಿ. ಮಿಕ್ಕಿದ್ದು ನಾನು ನೋಡ್ಕೋತೀನಿ."

ಅಮ್ಮ ಕಪ್ಪಗಿದ್ದಳು. ಕೆನ್ನೆಯ ಮೇಲೆ ಸಿಡುಬಿನ ಕಲೆಗಳಿದ್ದವು. ಮೇಲಿನ ಎರಡು ಹಲ್ಲು ಮುಂದಕ್ಕಿದ್ದವು, ಅದಕ್ಕೇ ನಗುವಾಗ ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಿದ್ದಳು. ಆ ಮೇಜಿನ ಮೇಲೆ ಅಂಥವಳು ಒಬ್ಬಳೂ ಇರಲಿಲ್ಲ. "ಇದ್ರಲ್ಲಿ ಅಮ್ಮ ಇಲ್ಲ, ಹೋಗಣ ಬಾ ಅಪ್ಪ" ಎಂದೆ. ಅಪ್ಪ ಕೇಳಿಸದವನ ಹಾಗೆ ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿದು ನೋಡಿದ. ಕೊನೆಗೆ ಎಲ್ಲರಿಗಿಂತ ಚೆಲುವೆಯಾದವಳನ್ನು ಆರಿಸಿ, "ಕಣ್ಣು ಹಿಂಗೇ ಇತ್ತು" ಎಂದ. ಇರಲಿಲ್ಲ.

ಸ್ಟುಡಿಯೋದವನು ಕುಂಚ ಹಿಡಿದು ಆ ನಟಿಯ ಕಿವಿಯ ಜುಮುಕಿ ಅಳಿಸಿ ಓಲೆ ಇಟ್ಟ. ಮೂಗಿಗೆ ಮೂಗುಬೊಟ್ಟು ಬಂತು. ಗುಂಗುರು ಕೂದಲು ಎಣ್ಣೆ ಹಾಕಿ ಬಾಚಿದಂತಾಯಿತು. ಮುತ್ತೈದೆ ಸಾವು ಎಂದು ಅಪ್ಪ ಹೇಳಿದ್ದಕ್ಕೆ ಹಣೆಯ ತುಂಬ ಕುಂಕುಮ ಬಳಿದ. ಮುಖವನ್ನು ಮಾತ್ರ ಮುಟ್ಟಲಿಲ್ಲ. ಅದನ್ನೇಕೆ ಮುಟ್ಟುತ್ತಾನೆ, ಅದೇ ತಾನೇ ಮಾರಾಟದ ಸರಕು.

ಫೋಟೋ ಮನೆಗೆ ಬಂದ ದಿನ ನೋಡಬೇಕಿತ್ತು ನಮ್ಮವರನ್ನು. ಅಮ್ಮನ ಜೊತೆ ಕಳೆ ಕಿತ್ತವರು, ಅವಳ ಜೊತೆ ಒಂದೇ ಬಾವಿಯಲ್ಲಿ ನೀರು ಸೇದಿದವರು ಸಾಲಾಗಿ ಬಂದು ನೋಡಿ, "ಥೇಟ್ ಅವ್ಳೇ ಕಣೇ, ಎದ್ ಬರಂಗವಳೆ" ಎಂದು ಕಣ್ಣೊರೆಸಿಕೊಂಡರು. ಇದ್ದಷ್ಟು ದಿನವೂ ಅವಳನ್ನು ಕರಿಯವ್ವ ಎಂದು ಮೂದಲಿಸಿದ ಅಜ್ಜಿ, "ನನ್ ಸೊಸೆ ಲಕ್ಷ್ಮಿ ಇದ್ದಂಗಿದ್ಲು" ಎಂದು ಎದೆ ಬಡಿದುಕೊಂಡಳು. ಹೆಂಗಸು ಸತ್ತ ಮೇಲೆ ಬೆಳ್ಳಗಾಗಬಹುದು ಎಂದು ನನಗೆ ಗೊತ್ತಾದದ್ದೇ ಆವತ್ತು.

ಫೋಟೋ ನಡುಮನೆಯ ಗೋಡೆ ಸೇರಿತು. ತಂಗಿ ಅದರ ಕೆಳಗೇ ಬೆಳೆದಳು. ಅವಳಿಗೆ ಮಾತು ಕಲಿಸುವಾಗಲೇ ಅದನ್ನು ತೋರಿಸಿ "ಅಮ್ಮ ಅನ್ನು" ಎಂದರು. ಕೈ ಎಟುಕುವಂತಾದ ಮೇಲೆ ದಿನವೂ ಬೆಳಿಗ್ಗೆ ಮಣೆಯ ಮೇಲೆ ಹತ್ತಿ ಚೌಕಟ್ಟಿಗೆ ಒಂದು ಹೂವು ಸಿಕ್ಕಿಸುವುದು ಅವಳದೇ ಕೆಲಸವಾಯಿತು. ತಾಯಿಯಿಲ್ಲದ ಮಗು, ಏನೋ ಒಂದನ್ನು ಹಿಡಿದುಕೊಂಡಿದೆ, ಬಿಡಿಸಲು ನನಗೂ ಮನಸ್ಸಾಗಲಿಲ್ಲ.

ಅವಳಿಗೆ ಐದು ತುಂಬಿದ ವರ್ಷ ಮಾಗಡಿ ರಸ್ತೆಯ ಬಯಲಿನಲ್ಲಿ ಟೆಂಟ್ ಸಿನಿಮಾ ಬಂತು. ಚಿಕ್ಕಮ್ಮ ನಮ್ಮಿಬ್ಬರನ್ನೂ ಸಂಜೆಯ ಆಟಕ್ಕೆ ಕರೆದುಕೊಂಡು ಹೋದಳು. ಹೆಂಗಸರ ಕಡೆ ಮರಳಿನ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಿದ್ದೆವು. ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಅವಳು ಬಂದಳು, ನಮ್ಮ ಗೋಡೆಯವಳು. ಕಂಕುಳಲ್ಲಿ ಒಂದು ಮಗು. ಆಕಾಶ ತೋರಿಸುತ್ತ ಅದಕ್ಕೆ ತುತ್ತು ಕೊಡುತ್ತಿದ್ದಳು. ತಂಗಿ ಎದ್ದು ನಿಂತಳು.

"ಅಮ್ಮಾ."

ಟೆಂಟಿಗೆಲ್ಲ ಕೇಳುವ ಹಾಗೆ ಕೂಗಿದಳು. ಮತ್ತೊಮ್ಮೆ ಕೂಗಿದಳು. ಗಂಡಸರ ಕಡೆಯಿಂದ ಯಾವನೋ, "ನಿಂಗ್ ಅಮ್ಮ ಆದ್ರೆ ನಂಗ್ ಹೆಂಡ್ತಿ ಕಣಮ್ಮಾ" ಎಂದ. ಇಡೀ ಟೆಂಟು ಗೊಳ್ಳೆಂದಿತು. ನಗದವಳು ನಾನೊಬ್ಬಳೇ. ಚಿಕ್ಕಮ್ಮನೂ ನಗುತ್ತಲೇ ಅವಳನ್ನು ಎಳೆದು ಕೂರಿಸಿದಳು. ಆ ಗಂಡಸಿನ ಮುಖ ನಾನು ನೋಡಲಿಲ್ಲ. ನೋಡಿದ್ದರೆ ಇವತ್ತಿಗೂ ಶಪಿಸುತ್ತಿದ್ದೆ.

ಮನೆಯ ಕಡೆ ನಡೆಯುವಾಗ ತಂಗಿ ಅಳಲಿಲ್ಲ. ಅವಳಿಗೆ ಸಿಟ್ಟು ಬಂದಿತ್ತು. ಊರ ಹತ್ತಿರ ಬಂದಾಗ ನನ್ನ ಕೈ ಜಗ್ಗಿ, "ಅಮ್ಮಂಗೆ ಅಲ್ಲಿ ಬೇರೆ ಪಾಪು ಐತೆ ಅಕ್ಕ. ಅದ್ಕೇ ನಮ್ಮನೇಗ್ ಬರಲ್ಲ" ಎಂದಳು.

ಮಾರನೆಯ ಬೆಳಿಗ್ಗೆ ಹೂವು ಸಿಕ್ಕಿಸಲಿಲ್ಲ. ನೆಲಕ್ಕೆ ಎಸೆದಳು. ಅಜ್ಜಿ, "ಹೆತ್ತ ತಾಯಿಗೆ ಹಿಂಗ್ ಮಾಡ್ತೀಯೇನೇ" ಎಂದು ಬೆನ್ನಿಗೆ ಬಾರಿಸಿದಳು. ಅಷ್ಟು ವರ್ಷ ನುಂಗಿಕೊಂಡದ್ದೆಲ್ಲ ನನ್ನ ಬಾಯಿಗೆ ಬಂತು.

"ಅವ್ಳು ಹೆತ್ತ ತಾಯಿ ಅಲ್ಲ. ಯಾವಳೋ ಸಿನಿಮಾದೋಳು. ಪೇಟೇಲಿ ಆರ್ಸ್ಕೊಂಡ್ ತಂದಿದ್ದು. ಅಪ್ಪನ್ನೇ ಕೇಳಿ."

ಅಪ್ಪ ಬಾಗಿಲಲ್ಲಿ ಕೂತು ನೊಗದ ಹಗ್ಗ ಹೆಣೆಯುತ್ತಿದ್ದ. ತಲೆ ಎತ್ತಲಿಲ್ಲ. "ಇರೋದ್ ಅದೊಂದು. ಅದೂ ಇರೋದ್ ಬೇಡ್ವೇನಮ್ಮ" ಎಂದ. ಅವನನ್ನು ನೋಡಿ ಅಯ್ಯೋ ಅನಿಸಿತು, ಮರುಕ್ಷಣವೇ ಸಿಟ್ಟು ಇಮ್ಮಡಿಯಾಯಿತು.

ತಂಗಿ ಬೆನ್ನು ಉಜ್ಜಿಕೊಳ್ಳುತ್ತ ನನ್ನ ಮುಂದೆ ಬಂದು ನಿಂತಳು. "ಹಂಗಾದ್ರೆ ನಮ್ಮಮ್ಮ ಹೆಂಗಿದ್ಲು?"

ಈ ಮಾತಿಗಾಗಿಯೇ ಕಾದಿದ್ದವಳಂತೆ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೇಳಿದೆ. ಕಪ್ಪಗೆ, ಮಳೆ ಬಿದ್ದ ಹೊಲದ ಬಣ್ಣ. ಕೆನ್ನೆ ಮುಟ್ಟಿದರೆ ಕೈಗೆ ಸಿಗುವ ಸಣ್ಣ ಸಣ್ಣ ಗುಳಿ. ಉಬ್ಬುಹಲ್ಲು. ನಾನು ಏನಾದರೂ ತಮಾಷೆ ಮಾಡಿದರೆ ಸೆರಗಿನೊಳಗೆ ನಗುತ್ತ ಭುಜ ಕುಣಿಸುತ್ತಿದ್ದಳು. ರಾಗಿ ಬೀಸುವಾಗ ನನ್ನ ಕೈಯ ಮೇಲೆ ತನ್ನ ಕೈ ಇಟ್ಟು ಗೂಟ ತಿರುಗಿಸುತ್ತಿದ್ದಳು. ಹೇಳುತ್ತ ಹೇಳುತ್ತ ಅವಳ ಮುಖ ನನ್ನ ಕಣ್ಣ ಮುಂದೆ ಬಂದು ನಿಂತಿತು, ಒಂದು ಕಲೆಯೂ ಬಿಡದಂತೆ. ಇನ್ನು ಮುಂದೆ ಈ ಮನೆಯಲ್ಲಿ ಅವಳ ನಿಜವಾದ ಮುಖ ನೆನಪಿಟ್ಟವರು ಇಬ್ಬರಾಗುತ್ತೇವೆ ಎಂದುಕೊಂಡೆ.

ತಂಗಿ ಕೊನೆಯವರೆಗೂ ಕೇಳಿದಳು. ಗೋಡೆಯ ಕಡೆ ನೋಡಿದಳು, ನನ್ನ ಮುಖ ನೋಡಿದಳು. ಆಮೇಲೆ ತೊಡೆಯಿಂದ ಇಳಿದು, ನೆಲದ ಮೇಲೆ ಬಿದ್ದಿದ್ದ ಹೂವನ್ನು ಎತ್ತಿಕೊಂಡು ಮಣೆಯ ಮೇಲೆ ಹತ್ತಿದಳು.

"ನೀನ್ ಹೇಳೋಳು ಚೆನ್ನಾಗಿಲ್ಲ. ನಂಗ್ ಇವ್ಳೇ ಇರ್ಲಿ" ಎಂದಳು.

ಒಲೆಯ ಮುಂದಿದ್ದ ಅಜ್ಜಿ, "ಸತ್ತೋಳ್ ಮೇಲೆ ಚಾಡಿ ಹೇಳೋಕ್ ನಾಚ್ಕೆ ಆಗಲ್ವೇನೆ ನಿಂಗೆ" ಎಂದು ನನ್ನನ್ನು ಗದರಿದಳು. ಅಪ್ಪ ಹಗ್ಗ ಹೆಣೆಯುತ್ತಲೇ ಇದ್ದ. ಹೆತ್ತ ತಾಯಿಯನ್ನು ಇದ್ದ ಹಾಗೆ ಹೇಳಿದ್ದು ಆ ಮನೆಯಲ್ಲಿ ಚಾಡಿಯಾಯಿತು. ಅವಳ ಮುಖ ಹೇಗಿತ್ತೆಂದು ನಾನು ಮತ್ತೆ ಯಾರಿಗೂ ಹೇಳಲಿಲ್ಲ.