ಎಕ್ಸ್‌ರೇ ಅಕ್ಕನ ಮನೆ ಸಾಲ

ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಎಕ್ಸ್‌ರೇ ಅಕ್ಕ ಎಂದೇ. ಎಂಥ ದೊಡ್ಡ ಮನುಷ್ಯನಾದರೂ ಅವಳು ಹೇಳಿದಂತೆ ಅಲುಗಾಡದೆ ನಿಂತೇ ಡಾಕ್ಟರ ಬಳಿ ಹೋಗಬೇಕು. ಹನ್ನೆರಡು ವರ್ಷ ಹೀಗೇ ನಡೆದಿತ್ತು. ಆಮೇಲೆ ಆಸ್ಪತ್ರೆಯ ಮೇಲಿನವರಿಗೆ ಏನು ಬುದ್ಧಿ ಬಂತೋ, ಒಂದನೇ ತಾರೀಕಿನಿಂದ ಎಕ್ಸ್‌ರೇ ವಿಭಾಗದವರು ನೌಕರರಲ್ಲ, ಗುತ್ತಿಗೆಯವರು ಎಂದುಬಿಟ್ಟರು. ಸಂಬಳದ ರಜೆಯಿಲ್ಲ, ಪಿಂಚಣಿಯಿಲ್ಲ. ಬದಲಿಗೆ ಕೈಗೆ ಒಂದಿಷ್ಟು ಹೆಚ್ಚು ದುಡ್ಡು. ಅದೇ ಕೋಣೆ, ಅದೇ ಯಂತ್ರ, ಕಾಲು ಅಲ್ಲಾಡುವ ಅದೇ ಸ್ಟೂಲು.

ಇದಾದದ್ದು ಅವಳ ಮನೆ ಸಾಲ ಮಂಜೂರಾದ ಮೇಲೆ, ದುಡ್ಡು ಬಿಡುಗಡೆಯಾಗುವ ಮೊದಲು. ಕೊಳ್ಳಲು ಹೊರಟಿದ್ದು ನೆಲಮಹಡಿಯಲ್ಲಿ ಎರಡು ಕೋಣೆಯ ಮನೆ. ಅಮ್ಮನ ಮಂಡಿ ಸವೆದುಹೋಗಿತ್ತು. ಈಗಿನ ಬಾಡಿಗೆ ಮನೆ ಮೂರನೆಯ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಅಮ್ಮನ ಮಂಡಿಯ ಎಕ್ಸ್‌ರೇ ತೆಗೆದವಳೂ ಅವಳೇ, ಹಾಗಾಗಿ ಸರಿಹೋಗುತ್ತದೆ ಎಂದು ಯಾರೂ ಅವಳನ್ನು ನಂಬಿಸುವಂತಿರಲಿಲ್ಲ.

ಬ್ಯಾಂಕಿನಿಂದ ಫೋನು ಬಂತು. "ಅದೇ ಕೆಲಸದಲ್ಲಿದ್ದೀರಲ್ವಾ ಮೇಡಂ?" ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಇವಳು ಅವರಿಗೂ ಖುಷಿಯಾಗಲಿ ಎಂದು, "ಈಗ ಗುತ್ತಿಗೆ ಮೇಲೆ ಮಾಡ್ತಿದ್ದೀನಿ, ಮೊದಲಿಗಿಂತ ಜಾಸ್ತಿನೇ ಬರುತ್ತೆ" ಎಂದಳು. ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡಳು. ಸಾಲ ಅಲ್ಲಿಗೇ ನಿಂತಿತು. ಮರುದಿನ ಬ್ಯಾಂಕಿಗೇ ಹೋದಳು.

"ಎರಡು ವರ್ಷ ಈ ಕೆಲಸ ಮಾಡಿ ತೋರಿಸಿ ಮೇಡಂ, ಆಮೇಲೆ ನೋಡೋಣ" ಎಂದ ಬ್ಯಾಂಕಿನ ಮ್ಯಾನೇಜರ್, ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ.

"ಹನ್ನೆರಡು ವರ್ಷದಿಂದ ಇದನ್ನೇ ಮಾಡ್ತಿದ್ದೀನಲ್ರೀ!"

"ಅದು ನೌಕರಿ. ಇದು ಸ್ವಂತ ವ್ಯವಹಾರ."

"ಯಾವ ವ್ಯವಹಾರ? ನಾನೇನು ಮೂಳೆ ಮಾರ್ತೀನಾ?"

ಅವನು ನಕ್ಕ. ಆ ನಗು ಕಂಡು ಅವಳ ಮೈಯೆಲ್ಲ ಉರಿಯಿತು. ಖಾಯಂ ಕೆಲಸದವರು ಯಾರಾದರೂ ಮೊದಲ ಅರ್ಜಿದಾರರಾದರೆ ಇವತ್ತೇ ಆಗುತ್ತದೆ ಎಂದ. ಆದರೆ ಮನೆ ಅವರ ಹೆಸರಿಗಾಗಬೇಕಂತೆ.

ಅವಳಿಗೊಬ್ಬ ತಮ್ಮನಿದ್ದ. ಕಚೇರಿಯೊಂದರಲ್ಲಿ ಗುಮಾಸ್ತ. ಕುರ್ಚಿಗಿಂತ ಹೆಚ್ಚು ಹೊತ್ತು ಚಹಾ ಅಂಗಡಿಯ ಬೆಂಚನ್ನು ಸವೆಸಿದವನು, ಎರಡು ಸಲ ಅಮಾನತಾಗಿದ್ದವನು. ಆದರೆ ಖಾಯಂ! ಇಂಥವನನ್ನು ಬ್ಯಾಂಕು ಕಣ್ಣುಮುಚ್ಚಿ ನಂಬುತ್ತದೆ, ಬೆಂಕಿ ಹಾಕಬೇಕು ಆ ನಂಬಿಕೆಗೆ.

"ಅದಕ್ಕೇನಂತೆ ಅಕ್ಕಾ, ಹೆಸರು ನಂದಿರಲಿ, ಕಂತು ನೀನು ಕಟ್ಟು" ಎಂದ ಅವನು, ಉಪಕಾರ ಮಾಡುವವನ ಮುಖ ಮಾಡಿ.

ಗೆದ್ದಲು ಕಟ್ಟಿದ ಹುತ್ತ ಹಾವಿಗೆ. ಅವನ ಫೀಸು ಕಟ್ಟಿದವಳು ಅವಳು, ಅಮ್ಮನನ್ನು ನೋಡಿಕೊಂಡವಳು ಅವಳು. ಈಗ ಮನೆಯೂ ಅವನದು! ಅವಳು ಆಗುವುದಿಲ್ಲ ಎಂದಳು. ಅಮ್ಮ ಅಳುತ್ತ ಕೂತಳು.

"ಕಾಗದದ ಮೇಲೆ ಯಾರ ಹೆಸರಿದ್ರೇನೇ? ನನ್ನ ಮಂಡಿಗೆ ಓದೋಕೆ ಬರುತ್ತಾ?"

ಆ ಮಾತಿಗೆ ಅವಳ ಸಿಟ್ಟು ಇನ್ನೂ ಏರಿತು. ಮನೆ ಮಾರುವವರಿಗೆ ಫೋನು ಮಾಡಿ, ನಮಗೆ ಬೇಡ, ಬೇರೆಯವರಿಗೆ ಕೊಡಿ ಎಂದಳು. ಅಂದಿನಿಂದ ಅಮ್ಮ ಮಾತು ಬಿಟ್ಟಳು.

ಮುಂದಿನ ವಾರ ಅಮ್ಮನನ್ನು ಮಂಡಿಯ ಡಾಕ್ಟರಿಗೆ ತೋರಿಸಿ ಮನೆಗೆ ಕರೆತಂದಾಗ ಮೊದಲ ಮೆಟ್ಟಿಲಲ್ಲೇ ಅಮ್ಮ ಕುಸಿದು ಕೂತಳು. ಮಗನಿಗೆ ಫೋನು ಮಾಡು ಎಂದು ಸನ್ನೆ ಮಾಡಿದಳು. ಮಾಡಿದರೆ, "ಮೀಟಿಂಗಲ್ಲಿದ್ದೀನಿ, ಸಂಜೆ ನೋಡ್ತೀನಿ" ಎಂದ. ಹಿಂದಿನಿಂದ ಚಹಾ ಲೋಟಗಳ ಸದ್ದು ಅಮ್ಮನಿಗೂ ಕೇಳಿಸಿತು.

ಮಗಳು ಹಲ್ಲು ಕಚ್ಚಿ ಕುಕ್ಕರಗಾಲಿನಲ್ಲಿ ಕೂತು, ಅಮ್ಮನನ್ನು ಬೆನ್ನಿಗೆ ಹಾಕಿಕೊಂಡು ಎದ್ದಳು. ಬ್ಯಾಂಕಿಗೆ ಬೈದಳು, ಆಸ್ಪತ್ರೆಗೆ ಬೈದಳು, ಹತ್ತಿದಳು. ಎರಡನೆಯ ಮಹಡಿಯಲ್ಲಿ ಬೈಯಲೂ ಉಸಿರು ಸಾಲದೆ ಗೋಡೆಗೆ ಕೈಕೊಟ್ಟು ನಿಂತಳು. ಬೆನ್ನ ಮೇಲಿನ ಅಮ್ಮನ ಎದೆಯೂ ಏದುತ್ತಿತ್ತು.

"ಯಾವ ಮನೆಗೂ ಆ ದರಿದ್ರದವನ ಹೆಸರು ಹಾಕಿಸ್ಬೇಡ" ಎಂದಳು ಅಮ್ಮ, ಅವಳ ಕಿವಿಯ ಹತ್ತಿರ, ಸಿಡುಕಿನಿಂದಲೇ. "ಎರಡು ವರ್ಷ ತಾನೇ? ಬದುಕಿರ್ತೀನಿ, ನಡಿ."