ಗೋಂದಕ್ಕನ ಎಡಗೈ

ಗ್ರಂಥಾಲಯದ ನೆಲಮಾಳಿಗೆಯಲ್ಲಿ ಕೂತು ಹರಿದ ಪುಸ್ತಕಗಳಿಗೆ ಹೊಲಿಗೆ ಹಾಕಿ, ಬೆನ್ನು ಕಟ್ಟಿ, ಅಂಟು ಬಳಿದು ಮರುಜನ್ಮ ಕೊಡುವುದು ಅವಳ ಕೆಲಸ. ಇಪ್ಪತ್ತೆಂಟು ವರ್ಷದಿಂದ ಬೆರಳ ಸಂದಿಯಲ್ಲಿ ಗೋಂದು ಒಣಗಿಯೇ ಇರುವುದರಿಂದ ಎಲ್ಲರಿಗೂ ಅವಳು ಗೋಂದಕ್ಕ. ಸ್ವಂತ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿದೆ.

ಅವಳ ಕೋಣೆಗೆ ಹೋಗುವವರು ಬಾಗಿಲು ತಟ್ಟಿ ಒಂದು ಗಳಿಗೆ ಕಾಯಬೇಕು. ಒಳಗೆ ಏನೋ ಭಾರೀ ಗುಟ್ಟಿದೆ ಎಂದು ಹೊಸಬರು ಅಂದುಕೊಳ್ಳುತ್ತಾರೆ. ಇರುವ ಗುಟ್ಟು ಇಷ್ಟೇ: ತಟ್ಟಿದ ಸದ್ದು ಕೇಳಿದ ಕೂಡಲೇ ಗೋಂದಕ್ಕ ಸೂಜಿಯನ್ನು ಎಡಗೈಯಿಂದ ಬಲಗೈಗೆ ದಾಟಿಸುತ್ತಾಳೆ. ಐವತ್ಮೂರು ವರ್ಷದ ಹೆಂಗಸು ಕದ್ದು ಸಕ್ಕರೆ ತಿಂದ ಮಗುವಿನ ಹಾಗೆ ಕೈ ಬಚ್ಚಿಡುವುದೆಂದರೆ ನಗು ಬರುತ್ತದೆ. ದಯವಿಟ್ಟು ನಗಬೇಡಿ, ಅದರ ಹಿಂದೆ ಒಂದು ನೀಲಿ ಪಟ್ಟಿಯ ಕತೆಯಿದೆ.

ಹುಟ್ಟಿನಿಂದ ಅವಳು ಎಡಚಿ. ಬಳಪ, ಚಮಚ, ಚೆಂಡು, ಯಾವುದಕ್ಕೂ ಎಡಗೈಯೇ ಮುಂದೆ. ಶಾಲೆಯ ಮೇಷ್ಟರು ತಾಯಿಯನ್ನು ಕರೆಸಿ, "ಈಗಲೇ ತಿದ್ದದಿದ್ರೆ ಮುಂದೆ ನಿಮ್ಮ ಮಗಳನ್ನ ನೋಡಿ ನಾಲ್ಕು ಜನ ನಗ್ತಾರೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇನಮ್ಮ?" ಎಂದರು. ಮೇಷ್ಟರಿಗೆ ಗಾದೆಗೇನು ಬರವೇ? ತಾಯಿ ಮನೆಗೆ ಬಂದವಳೇ ಹಳೆಯ ದಿಂಬಿನ ಚೀಲದ ನೀಲಿ ಅಂಚು ಹರಿದು, ಮಗಳ ಎಡ ಮಣಿಕಟ್ಟನ್ನು ಕುರ್ಚಿಯ ಕಾಲಿಗೆ ಬಿಗಿದು, ಬಲಗೈಗೆ ಪೆನ್ಸಿಲ್ ಕೊಟ್ಟಳು. ದಿನಾ ಸಂಜೆ ಒಂದು ಗಂಟೆಯ ಹಾಗೆ ಇದು ಒಂದು ವರ್ಷ ನಡೆಯಿತು. ಹಲ್ಲಿನಲ್ಲಿ ಕಚ್ಚಿ ಎಳೆದರೂ ಬಿಚ್ಚದ ಗಂಟು ಅದು. ಗಂಟೆ ಮುಗಿದ ಮೇಲೆ ತಾಯಿಯೇ ಬಿಚ್ಚಿ, ಕೆಂಪಾದ ಮಣಿಕಟ್ಟಿಗೆ ಎಣ್ಣೆ ತಿಕ್ಕಿ, ಉಫ್ ಉಫ್ ಎಂದು ಊದುತ್ತಿದ್ದಳು. ಕಟ್ಟಿದವಳೂ ಅವಳೇ, ಊದಿದವಳೂ ಅವಳೇ ಆದಾಗ ಮಗು ಯಾರ ಮೇಲೆ ಸಿಟ್ಟು ಮಾಡಬೇಕು? ಗೋಂದಕ್ಕ ಬಲಗೈಯಲ್ಲಿ ಬರೆಯಲು ಕಲಿತಳು. ಎಡಗೈಯನ್ನು ಬಾಗಿಲು ಮುಚ್ಚಿದ ಹೊತ್ತಿಗೆ ಇಟ್ಟುಕೊಂಡಳು.

ಅವಳಿರುವ ಕಟ್ಟಡದ ಕೆಳಮನೆಯಲ್ಲಿ ಡ್ರೈವರಣ್ಣ ಇದ್ದಾರೆ. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಮೊಮ್ಮಕ್ಕಳಿಗೆ ಹಳತಾಯಿತೆಂದು ಒಂದು ಆಟದ ಪೆಟ್ಟಿಗೆ ಅವರ ಪಾಲಿಗೆ ಬಂತು. ಟೀವಿಗೆ ಅದನ್ನು ಜೋಡಿಸಿ, ರಿಮೋಟ್ ಹಿಡಿದು ನಿಜವಾದ ಚೆಂಡನ್ನೇ ಎಸೆಯುವಂತೆ ಕೈ ಬೀಸಿದರೆ, ಟೀವಿಯೊಳಗೆ ಚೆಂಡು ಉರುಳಿಕೊಂಡು ಹೋಗಿ ಹತ್ತು ಗೂಟಗಳನ್ನು ಬೀಳಿಸುತ್ತದೆ. ಭಾನುವಾರ ನಾಲ್ಕು ಗಂಟೆಗೆ ಒಂದು ಕಡೆ ಡ್ರೈವರಣ್ಣ ಮತ್ತು ಎದುರು ಮನೆಯ ನರ್ಸು, ಇನ್ನೊಂದು ಕಡೆ ಗೋಂದಕ್ಕ ಮತ್ತು ಮೂಲೆಯಂಗಡಿಯ ಬೇಕರಿಯಮ್ಮ. ಸೋತ ಜೋಡಿ ಟೀ ಲೋಟ ತೊಳೆಯಬೇಕು. ಡ್ರೈವರಣ್ಣ ಚೆಂಡು ಬಿಟ್ಟ ಮೇಲೂ ಸ್ಟೀರಿಂಗ್ ತಿರುಗಿಸುತ್ತ ಮೈಯೆಲ್ಲ ವಾಲುತ್ತಾರೆ. ಬೇಕರಿಯಮ್ಮ ಒಲೆಯೊಳಗೆ ತಟ್ಟೆ ನೂಕುವ ರಭಸದಲ್ಲಿ ಎಸೆಯುತ್ತಾಳೆ. ಒಮ್ಮೆ ರಿಮೋಟೇ ಅವಳ ಕೈಯಿಂದ ಹಾರಿ ಗೋಡೆ ಗಡಿಯಾರದ ಗಾಜು ಒಡೆಯಿತು. ಅಂದಿನಿಂದ ರಿಮೋಟಿನ ದಾರವನ್ನು ಮಣಿಕಟ್ಟಿಗೆ ಹಾಕಿಕೊಳ್ಳದೆ ಯಾರೂ ಆಡಕೂಡದು ಎಂಬುದು ಆ ಮನೆಯ ಕಾನೂನು.

ಗೋಂದಕ್ಕ ಮೊದಮೊದಲು ಬಲಗೈಯಲ್ಲೇ ಆಡಿದಳು. ಟೀವಿಯೊಳಗಿನ ಚೆಂಡು ಪ್ರತಿ ಸಲವೂ ದಾರಿ ಬಿಟ್ಟು ಪಕ್ಕದ ಚರಂಡಿಗೆ ಹೋಗುತ್ತಿತ್ತು. "ಚರಂಡಿ ಗುತ್ತಿಗೆ ನೀನೇ ತಗೊಂಡುಬಿಡೆ," ಎಂದು ಬೇಕರಿಯಮ್ಮ ಲೋಟ ತೊಳೆಯುತ್ತ ಗೊಣಗುತ್ತಿದ್ದಳು. ಒಂದು ಭಾನುವಾರ ಆಟ ಶುರು ಮಾಡುವ ಹೊತ್ತಿಗೆ ಡ್ರೈವರಣ್ಣನಿಗೆ ಫೋನು ಬಂತು. ಗುಂಡಿ ಒತ್ತುವ ಕೆಲಸ ಗೋಂದಕ್ಕನಿಗೆ ಬಿತ್ತು. ಟೀವಿಯಲ್ಲಿ ಎರಡು ಕೈಗಳ ಚಿತ್ರ ಮೂಡಿತು. ನಿಮ್ಮದು ಯಾವ ಕೈ ಎಂದು ಅದು ಕೇಳುತ್ತಿತ್ತು. ಡ್ರೈವರಣ್ಣ ಇಷ್ಟು ದಿನ ಯಾರನ್ನೂ ಕೇಳದೆ ಎಲ್ಲರಿಗೂ ಬಲಗೈ ಒತ್ತಿಬಿಡುತ್ತಿದ್ದರು. ಗೋಂದಕ್ಕ ಆ ಚಿತ್ರಗಳನ್ನೇ ನೋಡಿದಳು. ಐವತ್ಮೂರು ವರ್ಷದಲ್ಲಿ ಈ ಮಾತನ್ನು ಅವಳನ್ನು ಒಬ್ಬರೂ ಕೇಳಿರಲಿಲ್ಲ. ಆಚೀಚೆ ನೋಡಿ ಎಡಗೈ ಒತ್ತಿದಳು. ಅಂದು ಹತ್ತೂ ಗೂಟ ನಾಲ್ಕು ಸಲ ಮಲಗಿದವು. ಬೇಕರಿಯಮ್ಮ ಅವಳನ್ನು ಎತ್ತಿ ಒಂದು ಸುತ್ತು ತಿರುಗಿಸಿದಳು. ಮುಂದಿನ ನಾಲ್ಕು ತಿಂಗಳು ಲೋಟಗಳೆಲ್ಲ ಡ್ರೈವರಣ್ಣ, ನರ್ಸಮ್ಮನ ಪಾಲಿಗೆ ಬಂದವು.

ಹೀಗಿರುವಾಗ ತಾಯಿ ಬಂದಳು. ಅವಳಿದ್ದ ಮಗನ ಮನೆಯಲ್ಲಿ ರಿಪೇರಿ, ಮುಗಿಯುವ ತನಕ ಮಗಳ ಹತ್ತಿರ. ಎಂಬತ್ತು ದಾಟಿದೆ, ಮಂಡಿ ಮಾತು ಕೇಳುವುದಿಲ್ಲ, ಕಣ್ಣು ಮಾತ್ರ ಹದ್ದಿನದು. ತಾಯಿ ಬಂದದ್ದು ಗೋಂದಕ್ಕನಿಗೆ ಸಂತೋಷವೇ. ಆದರೆ ಆ ಕಣ್ಣ ಮುಂದೆ ಎಡಗೈಯಲ್ಲಿ ಚೆಂಡೆಸೆಯುವುದೆಂದರೆ ಅವಳಿಗೆ ಭಯ. ಅಮ್ಮ ಬೈದಾಳೆಂಬ ಭಯವಲ್ಲ ಅದು. ಒಂದು ವರ್ಷ ಪಟ್ಟ ಪಾಡೆಲ್ಲ ನೀರಲ್ಲಿ ಹೋಮವಾಯಿತೇ ಎಂದು ಅಮ್ಮನ ಮುಖ ಸಣ್ಣದಾದರೆ, ಅದನ್ನು ನೋಡುವುದು ಹೇಗೆ? ಮೊದಲ ಭಾನುವಾರ ತಲೆನೋವೆಂದಳು, ಎರಡನೆಯದಕ್ಕೆ ಮಣಿಕಟ್ಟು ಉಳುಕಿತೆಂದಳು. ಮೂರನೆಯದಕ್ಕೆ ಬೇಕರಿಯಮ್ಮ ಬಾಗಿಲಿಗೇ ಬಂದು, "ಅಜ್ಜೀ, ನೀವೂ ಬನ್ನಿ, ನಿಮ್ಮ ಮಗಳ ಆಟ ನೋಡೋರಂತೆ!" ಎಂದು ಇಬ್ಬರನ್ನೂ ಕೆಳಗಿಳಿಸಿಕೊಂಡು ಹೋದಳು.

ಅಜ್ಜಿಗೆ ಸೋಫಾದ ನಡುವೆ ಜಾಗವಾಯಿತು. ಗೋಂದಕ್ಕ ಬಲಗೈಗೆ ದಾರ ಹಾಕಿಕೊಂಡಳು. ಚೆಂಡು ತನ್ನ ಹಳೆಯ ಚರಂಡಿಯ ಗುರುತು ಮರೆತಿರಲಿಲ್ಲ. ಬೇಕರಿಯಮ್ಮ ಒಬ್ಬಳೇ ಎರಡಾಳಿನ ಆಟ ಆಡಿ ಜೋಡಿಯ ಮಾನ ಉಳಿಸುತ್ತ ಬಂದಳು. ಕೊನೆಯ ಸರದಿ ಗೋಂದಕ್ಕನದು. ಗೆಲ್ಲಲು ಎಂಟು ಗೂಟ ಬೀಳಬೇಕು, ಎಸೆತ ಎರಡು. ಮೊದಲನೆಯದು ಚರಂಡಿಗೆ ಹೋಯಿತು.

ಬೇಕರಿಯಮ್ಮನ ತಾಳ್ಮೆ ಹಾರಿಹೋಯಿತು. "ಏನಾಗಿದೆಯೇ ನಿಂಗೆ? ಎಡಗೈಲಿ ಹಾಕೆ! ಯಾವಾಗ್ಲೂ ಹಾಕೋ ಹಾಗೆ ಹಾಕೋಕೇನು ರೋಗ?"

ಗೋಂದಕ್ಕನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಯಾವಾಗ್ಲೂ ಎಡಗೈಲಾ?" ಎಂದು ತಾಯಿ ಕೇಳಿದಳು.

"ಹೂಂ ಅಜ್ಜಿ, ಎಡಗೈಲಿ ಇವಳನ್ನ ಹಿಡಿಯೋರೇ ಇಲ್ಲ," ಎಂದಳು ಬೇಕರಿಯಮ್ಮ, ಏನೂ ಅರಿಯದೆ.

ತಾಯಿ ಸೋಫಾದ ತೋಳು ಹಿಡಿದು ನಿಧಾನಕ್ಕೆ ಎದ್ದಳು. ಮಗಳ ಮುಂದೆ ಬಂದು ನಿಂತಳು. "ಕೊಡಿಲ್ಲಿ ಕೈ. ಅದಲ್ಲ, ಆ ಕೈ." ಗೋಂದಕ್ಕ ಎಡಗೈ ಚಾಚಿದಳು. ತಾಯಿ ದಾರವನ್ನು ಬಲಗೈಯಿಂದ ತೆಗೆದು ಎಡ ಮಣಿಕಟ್ಟಿಗೆ ಸುತ್ತಿದಳು. ಅದಕ್ಕೊಂದು ಜಾರುವ ಗುಂಡಿ ಇದೆ, ಎಳೆದರೆ ತಾನೇ ಬಿಗಿಯಾಗುತ್ತದೆ ಎಂದು ಹೇಳಲು ಡ್ರೈವರಣ್ಣ ಬಾಯಿ ತೆರೆದರು. ನರ್ಸಮ್ಮ ಅವರ ತೊಡೆ ಚಿವುಟಿದಳು. ತಾಯಿ ಗಂಟು ಹಾಕಿದಳು. ನಲವತ್ತೇಳು ವರ್ಷದ ಹಿಂದಿನ ಅದೇ ಗಂಟು.

"ಬಿಗಿಯಾಯ್ತಾ?" ಎಂದಳು.

"ಇಲ್ಲಮ್ಮ."

"ಆವಾಗ ಬಿಗಿಯಾಗ್ತಿತ್ತು, ಅಲ್ವಾ? ನೀನು ಹೇಳ್ತಾನೇ ಇರ್ಲಿಲ್ಲ." ತಾಯಿ ಆ ಮಣಿಕಟ್ಟನ್ನು ಹೆಬ್ಬೆರಳಿನಿಂದ ಸವರಿದಳು. "ಜನ ನಗಬಾರದು ಅಂತ ಕಟ್ಟಿದೆ ಕಣೇ. ಕೈಯದ್ದೇನೂ ತಪ್ಪಿರಲಿಲ್ಲ. ಹಾಕು ಈಗ."

ಗೋಂದಕ್ಕ ಎಸೆದಳು. ಕಣ್ಣು ಮಂಜಾದವಳು ಎಷ್ಟು ತಾನೇ ಬೀಳಿಸಿಯಾಳು? ಏಳು ಗೂಟ ಬಿದ್ದವು. ಒಂದರಲ್ಲಿ ಸೋತರು. ಜೀವಮಾನದಲ್ಲಿ ಮೊದಲ ಸಲ ಬೇಕರಿಯಮ್ಮ ಸೋತೂ ಗೊಣಗದೆ, ಮೂಗೊರೆಸಿಕೊಳ್ಳುತ್ತ ಲೋಟಗಳನ್ನೆಲ್ಲ ಒಬ್ಬಳೇ ತೊಳೆದಳು.

ಹೊರಡುವಾಗ ಗಂಟು ಬಿಚ್ಚಿಕೊಳ್ಳಲಿಲ್ಲ. ಡ್ರೈವರಣ್ಣ ಉಗುರು ಹಾಕಿ ನೋಡಿದರು, ನರ್ಸಮ್ಮ ಕತ್ತರಿ ತಂದಳು. ಗೋಂದಕ್ಕ ಕೈಯನ್ನು ಎದೆಗೆ ಒತ್ತಿಕೊಂಡು, "ಬೇಡ, ಕತ್ತರಿಸಬೇಡಿ. ನಾಳೆ ತಂದುಕೊಡ್ತೀನಿ," ಎಂದಳು.

ಮೆಟ್ಟಿಲು ಹತ್ತುವಾಗ ತಾಯಿ ಯಾವಾಗಲೂ ಮಗಳ ಬಲತೋಳು ಹಿಡಿಯುತ್ತಿದ್ದಳು. ಅಂದು ಮೊದಲ ಮೆಟ್ಟಿಲ ಬಳಿ ನಿಂತು, ಸುತ್ತಿ ಆಚೆ ಬದಿಗೆ ಬಂದು, ರಿಮೋಟ್ ತೂಗುತ್ತಿದ್ದ ಎಡಗೈಯನ್ನು ಹಿಡಿದುಕೊಂಡಳು.

"ನಡಿ," ಎಂದಳು, "ಮೇಲೆ ಹೋಗಿ ಎಣ್ಣೆ ಹಚ್ತೀನಿ."